ಎರಡು ವರ್ಷ ನಿಂತ ಚೇತಕ್ ಸ್ಟಾರ್ಟ್ ಆಗುತ್ತಿಲ್ಲವೇ? ಇಂಜಿನ್ ಇಳಿಸುವ ಮುಂಚೆ ಪ್ಲಗ್ ಬಿಚ್ಚಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ತಂದೆಯವರು ಓಡಿಸುತ್ತಿದ್ದ 1993ರ ಬಜಾಜ್ ಚೇತಕ್, ಎರಡು ವರ್ಷದಿಂದ ಶೆಡ್‌ನಲ್ಲಿ ನಿಂತಿದೆ. ನಿಲ್ಲಿಸಿದ ದಿನ ಚೆನ್ನಾಗಿಯೇ ಓಡುತ್ತಿತ್ತು. ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆ. ಈಗ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ. ಹತ್ತಿರದ ಗ್ಯಾರೇಜ್‌ನವರು "ಇಂಜಿನ್ ಇಳಿಸಬೇಕು, ಇಲ್ಲಾಂದ್ರೆ ಗುಜರಿಗೆ ಹಾಕಿ" ಅಂದರು. ಏನು ಮಾಡಲಿ ಅಂತ ಕೇಳಿದ್ದೀರಿ.

ಗುಜರಿಗೆ ಹಾಕಬೇಡಿ. ಇಂಜಿನ್ ಇಳಿಸುವುದೂ ಸದ್ಯಕ್ಕೆ ಬೇಡ. ಓಡಿ ಓಡಿ ಕೆಟ್ಟ ಗಾಡಿಯ ರೋಗವೇ ಬೇರೆ, ನಿಂತು ನಿಂತು ಕೆಟ್ಟ ಗಾಡಿಯ ರೋಗವೇ ಬೇರೆ. ಓಡಿ ಕೆಟ್ಟದ್ದರಲ್ಲಿ ರಿಂಗ್ ಸವೆದಿರುತ್ತದೆ, ಬೋರ್ ಹೋಗಿರುತ್ತದೆ, ಬೇರಿಂಗ್ ಸದ್ದು ಮಾಡುತ್ತದೆ. ನಿಂತು ಕೆಟ್ಟದ್ದರಲ್ಲಿ ಪೆಟ್ರೋಲ್ ಹಳಸಿರುತ್ತದೆ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನ ಸಣ್ಣ ತೂತು (ಜೆಟ್) ಕಟ್ಟಿಕೊಂಡಿರುತ್ತದೆ, ಎಲ್ಲೋ ಒಂದು ಕಡೆ ತುಕ್ಕು ಹಿಡಿದು ಕರೆಂಟ್ ನಿಂತಿರುತ್ತದೆ. ಇವೆಲ್ಲ ಹೊರಗಿನ ಕೆಲಸ. ನಿಲ್ಲಿಸಿದ ದಿನ ಗಾಡಿ ಓಡುತ್ತಿತ್ತು ಅಂತ ನೀವೇ ಹೇಳಿದ್ದೀರಿ. ಹಾಗಾದರೆ ಒಳಗಿನ ಇಂಜಿನ್ ಮೇಲೆ ಮೊದಲೇ ಅನುಮಾನ ಯಾಕೆ?

ಮೊದಲು ಕಿಕ್ ಹೊಡೆಯುವುದು ನಿಲ್ಲಿಸಿ. ಎರಡು ವರ್ಷದಲ್ಲಿ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪೂರ್ತಿ ಒಣಗಿರುತ್ತದೆ. ಒಣಗಿದ ಪಿಸ್ಟನ್‌ನ ಜೋರಾಗಿ ಎಳೆದಾಡಿದರೆ ಇಲ್ಲದ ತೊಂದರೆ ತಂದುಕೊಂಡ ಹಾಗೆ. ಬಲಗಡೆಯ ಕವರ್ ತೆಗೆಯಿರಿ, 21ರ ಪ್ಲಗ್ ಸ್ಪ್ಯಾನರ್‌ನಿಂದ ಪ್ಲಗ್ (ಇಂಜಿನ್‌ಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್) ಬಿಚ್ಚಿ, ಆ ತೂತಿಗೆ ಒಂದು ಚಮಚ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್‌ನಲ್ಲಿ ಬೆರೆಸುವ ಆಯಿಲ್) ಬಿಡಿ. ಆಮೇಲೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಕಿಕ್ಕರನ್ನು ಕೈಯಲ್ಲೇ ನಿಧಾನಕ್ಕೆ ಒತ್ತಿ. ಸಲೀಸಾಗಿ ತಿರುಗಿದರೆ ಅರ್ಧ ಚಿಂತೆ ಹೋಯಿತು. ಕಚ್ಚಿಕೊಂಡಿದ್ದರೆ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಮತ್ತೆ ನೋಡಿ. ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ.

ಬಿಚ್ಚಿದ ಪ್ಲಗ್ ಎಸೆಯಬೇಡಿ, ಅದರ ತುದಿ ನೋಡಿ. ಇಡೀ ತನಿಖೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಅಷ್ಟೊಂದು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿಯೇ ಇದೆಯಾ? ಹಾಗಾದರೆ ಪೆಟ್ರೋಲ್ ಒಳಗೆ ಹೋಗುತ್ತಿಲ್ಲ, ಕಾರ್ಬುರೇಟರ್ ಕಡೆ ಹೋಗಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದೆಯಾ? ಪೆಟ್ರೋಲ್ ಬಂದಿದೆ, ಉರಿದಿಲ್ಲ. ಅಂದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಕೆಟ್ಟಿದೆ, ಇಲ್ಲವೇ ಜಾಸ್ತಿಯಾಗಿ ಮುಳುಗಿದೆ. ಕಪ್ಪಗೆ ಜಿಡ್ಡು ಹಿಡಿದಿದೆಯಾ? ಹಳೆಯ ಕಾರ್ಬನ್, ಉಜ್ಜಿ ತೆಗೆಯಬೇಕು. ಇಷ್ಟು ನೋಡದೆ ಇಂಜಿನ್ ಇಳಿಸಿ ಅನ್ನುವುದು ನಾಡಿ ಹಿಡಿಯದೆ ಆಪರೇಷನ್ ಬರೆದುಕೊಟ್ಟಂತೆ.

ಈಗ ಪೆಟ್ರೋಲ್ ವಿಷಯ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆ ಅನ್ನುವುದು ಇಲ್ಲಿ ಒಳ್ಳೆಯ ಸುದ್ದಿ ಅಲ್ಲ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆಸಿರುತ್ತಾರೆ. ಶೇ. 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲ್‌ನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟಿದ್ದು. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದಾಗ ನೀರು, ಎಥನಾಲ್ ಎರಡೂ ಸೇರಿ ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಪೈಪ್ ಹೊರಡುವುದೂ ಆ ತಳದಿಂದಲೇ. ಹಾಗಾಗಿ ಕಾರ್ಬುರೇಟರ್‌ಗೆ ಮೊದಲು ಹೋಗುವುದು ಆ ನೀರೇ. ಜೊತೆಗೆ ತಳದಲ್ಲಿ ತುಕ್ಕಿನ ಪುಡಿ ಬೇರೆ. 1993ರಲ್ಲಿ ಈ ಗಾಡಿಗೆ ಹಾಕಿದ ರಬ್ಬರ್ ಪೈಪ್‌ಗಳನ್ನು ಈ ಪೆಟ್ರೋಲ್‌ಗೆ ಅಂತ ಮಾಡಿರಲಿಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಳಗೆ ಉದುರುತ್ತವೆ.

ಆದ್ದರಿಂದ ಹಳೆಯದಕ್ಕೆ ಹೊಸ ಪೆಟ್ರೋಲ್ ಬೆರೆಸಬೇಡಿ. ಕಾರ್ಬುರೇಟರ್‌ಗೆ ಬರುವ ಪೈಪ್ ಕಳಚಿ ಒಂದು ಕ್ಯಾನ್‌ಗೆ ಬಿಟ್ಟು, ಪೆಟ್ರೋಲ್ ಕಾಕ್ ಅನ್ನು ರಿಸರ್ವ್‌ಗೆ ತಿರುಗಿಸಿ, ಪೂರ್ತಿ ಖಾಲಿ ಮಾಡಿ. ಸಣ್ಣಗೆ ಹನಿ ಹನಿ ಬರುತ್ತಿದ್ದರೆ ಕಾಕ್‌ನಲ್ಲೇ ಕಸ ಕಟ್ಟಿದೆ ಅಂತ ಅರ್ಥ. ಅಥವಾ ಟ್ಯಾಂಕ್ ಮುಚ್ಚಳದ ಸಣ್ಣ ಗಾಳಿ ತೂತು ಮುಚ್ಚಿರಬಹುದು. ಮುಚ್ಚಳ ತೆಗೆದಾಗ ಜೋರಾಗಿ ಬಂದರೆ ಅದೇ ಕಾರಣ. ಪೈಪ್ ಮಾತ್ರ ಯೋಚನೆ ಮಾಡದೆ ಹೊಸದು ಹಾಕಿ. ದುಡ್ಡೂ ಜಾಸ್ತಿ ಅಲ್ಲ, ಬೆಂಕಿಯ ಭಯವೂ ಇರುವುದಿಲ್ಲ.

ಹೊಸ ಪೆಟ್ರೋಲ್‌ಗೆ ಆಯಿಲ್ ಬೆರೆಸುವುದು ಮರೆಯಬೇಡಿ. ಈಗಿನ ಸ್ಕೂಟರ್ ಓಡಿಸಿ ರೂಢಿಯಾದವರು ಇದನ್ನು ಮರೆತೇಬಿಡುತ್ತಾರೆ. ನಿಮ್ಮದು ಟೂ ಸ್ಟ್ರೋಕ್, ಪಿಸ್ಟನ್‌ಗೆ ಬೇರೆ ಕಡೆಯಿಂದ ಆಯಿಲ್ ಬರುವುದಿಲ್ಲ. ಒಂದು ಲೀಟರ್‌ಗೆ 20 ಮಿಲಿ ಟೂಟಿ ಆಯಿಲ್. ಮೊದಲ ಲೀಟರ್‌ಗೆ 30 ಮಿಲಿ ಹಾಕಿದರೂ ತಪ್ಪಿಲ್ಲ, ಸ್ವಲ್ಪ ಹೊಗೆ ಜಾಸ್ತಿ ಬರುತ್ತದೆ ಅಷ್ಟೆ. ಬಾಟಲಿಯಲ್ಲಿ ಚೆನ್ನಾಗಿ ಕಲಕಿ ಹಾಕಿ.

ಇನ್ನು ಕಿಡಿ. ಪ್ಲಗ್ ತುದಿಯನ್ನು ಪೆಟ್ರೋಲ್‌ನಲ್ಲಿ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ. ಕಿಡಿ ಹಾರುವ ತುದಿಯ ಗ್ಯಾಪ್ ಸುಮಾರು 0.6 ಮಿಮೀ ಇರಲಿ. ಗಾಡಿಯನ್ನು ಶೆಡ್‌ನಿಂದ ಬಯಲಿಗೆ ತನ್ನಿ. ಪೆಟ್ರೋಲ್ ಕ್ಯಾನ್ ದೂರ ಇಡಿ, ಚೆಲ್ಲಿದ ಪೆಟ್ರೋಲ್ ಆರುವವರೆಗೆ ಕಾಯಿರಿ, ಇದರಲ್ಲಿ ಆತುರ ಬೇಡವೇ ಬೇಡ. ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಭಾಗ ಇಂಜಿನ್‌ಗೆ ಸರಿಯಾಗಿ ತಾಗುವ ಹಾಗೆ, ಆದರೆ ಪ್ಲಗ್ ತೂತಿನಿಂದ ಆಚೆ ಇಟ್ಟು, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ನೆರಳಲ್ಲಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ನೀಲಿ ಬಣ್ಣದ, ಚಟಪಟ ಅನ್ನುವ ಕಿಡಿ ಬಂದರೆ ಸರಿ. ಕೆಂಪಗೆ, ಸಣ್ಣಗೆ ಬಂದರೆ ಸಾಲದು. ಪ್ಲಗ್ ಲೋಹಕ್ಕೆ ತಾಗಿಸದೆ ಕಿಕ್ ಹೊಡೆದು ನೋಡಬೇಡಿ, ಕಾಯಿಲ್ ಅಥವಾ ಸಿಡಿಐಗೆ (ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಪೆಟ್ಟು ಬೀಳಬಹುದು.

ಕಿಡಿ ಬರಲಿಲ್ಲ ಅಂದರೆ ಬ್ಯಾಟರಿ ಸತ್ತಿದೆ ಅಂದುಕೊಂಡು ಹೊಸ ಬ್ಯಾಟರಿ ತರಲು ಓಡಬೇಡಿ. ಈ ಗಾಡಿಯಲ್ಲಿ ಕಿಡಿ ಹುಟ್ಟುವುದು ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್‌ನಿಂದ. ಬ್ಯಾಟರಿ ಇಲ್ಲದೆಯೂ ಚೇತಕ್ ಸ್ಟಾರ್ಟ್ ಆಗುತ್ತದೆ. ಮೊದಲು ಬೇರೆ ಪ್ಲಗ್ ಹಾಕಿ ನೋಡಿ. ಚೇತಕ್ ಓಡಿಸಿದವರ ಡಿಕ್ಕಿಯಲ್ಲಿ ಒಂದು ಸ್ಪೇರ್ ಪ್ಲಗ್ ಇದ್ದೇ ಇರುತ್ತಿತ್ತು, ಅದೂ ಹೆಚ್ಚಾಗಿ ಮೈಕೊ ಪ್ಲಗ್. ಬೆಂಗಳೂರಿನ ಆಡುಗೋಡಿಯ ಮೈಕೊ ಕಂಪನಿಗೆ 2008ರಿಂದ ಬಾಷ್ ಅಂತ ಹೆಸರು. ತಂದೆಯವರ ಡಿಕ್ಕಿಯಲ್ಲೂ ಹುಡುಕಿ ನೋಡಿ, ಸಿಗಬಹುದು. ಆಮೇಲೆ ಪ್ಲಗ್ ಕ್ಯಾಪ್. ಅದರೊಳಗಿನ ರೆಸಿಸ್ಟರ್ ಹೋಗಿದ್ದರೆ ಕರೆಂಟ್ ಅಲ್ಲೇ ನಿಲ್ಲುತ್ತದೆ. ಕ್ಯಾಪ್ ಸೇರುವ ಜಾಗದಲ್ಲಿ ವೈರ್ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರಕ್ಕೆ ಕ್ಯಾಪ್ ತಿರುಗಿಸಿ ಹಾಕಿ.

ಇಷ್ಟಾದ ಮೇಲೂ ಕಿಡಿ ಇಲ್ಲದಿದ್ದರೆ ಕೀ ಕಡೆ ನೋಡಿ. ಈ ಗಾಡಿಯಲ್ಲಿ ಕೀ ಆಫ್ ಮಾಡಿದರೆ ಮ್ಯಾಗ್ನೆಟ್‌ನ ಕರೆಂಟ್ ಬಾಡಿಗೆ ಅರ್ಥ್ ಆಗಿ ಇಂಜಿನ್ ನಿಲ್ಲುತ್ತದೆ. ಆ ವೈರನ್ನು ಇಲಿ ಕಡಿದು ತಾಮ್ರ ಬಾಡಿಗೆ ತಾಗುತ್ತಿದ್ದರೆ, ಕೀ ಆನ್ ಇದ್ದರೂ ಆಫ್ ಮಾಡಿದ ಹಾಗೆಯೇ. ಶೆಡ್‌ನಲ್ಲಿ ನಿಂತ ಗಾಡಿಗಳಲ್ಲಿ ಇದು ಅಪರೂಪವೇನಲ್ಲ. ಇಂಜಿನ್ ಹತ್ತಿರದ ವೈರ್ ಡಬ್ಬಿಯಲ್ಲಿ ಕೀ ಕಡೆಯಿಂದ ಬಂದ ವೈರ್ ಮಾತ್ರ ಬಿಡಿಸಿ ಮತ್ತೆ ಕಿಕ್ ಹೊಡೆಯಿರಿ. ಈಗ ಕಿಡಿ ಬಂತಾ? ಹಾಗಾದರೆ ಮ್ಯಾಗ್ನೆಟ್ ಮುಟ್ಟುವುದೇ ಬೇಡ, ವೈರಿಂಗ್ ಸರಿಮಾಡಿದರೆ ಸಾಕು.

ಬರದಿದ್ದರೆ ಮಾತ್ರ ಫ್ಯಾನ್ ಕವರ್ ಬಿಚ್ಚಿ. ಮ್ಯಾಗ್ನೆಟ್ ಚಕ್ರದ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ಪಾಯಿಂಟ್ (ತೆರೆದು ಮುಚ್ಚಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಕಂಡರೆ ನಿಮ್ಮದು ಹಳೆಯ ಬಗೆ. ಪಾಯಿಂಟ್ ಮೇಲೆ ಕಿಲುಬು ಕೂತಿರುತ್ತದೆ. ನಯವಾದ ಎಮರಿ ಕಾಗದವನ್ನು ನಡುವೆ ತೂರಿಸಿ ಎಳೆದು, ಆಮೇಲೆ ಪೆಟ್ರೋಲ್ ಅದ್ದಿದ ದಪ್ಪ ಕಾಗದದಿಂದ ಒರೆಸಿ. ಪೂರ್ತಿ ತೆರೆದಾಗ ಗ್ಯಾಪ್ 0.3ರಿಂದ 0.5 ಮಿಮೀ ಇರಬೇಕು. ನಿಂತ ಗಾಡಿಗಳಲ್ಲಿ ಬಹಳ ಸಲ ಇಷ್ಟಕ್ಕೇ ಕಿಡಿ ವಾಪಸ್ ಬರುತ್ತದೆ. ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಬಗೆ ಆಗಿದ್ದರೆ ಒಳಗಿನಿಂದ ಬರುವ ವೈರ್‌ಗಳ ಮೇಲಿನ ಪ್ಲಾಸ್ಟಿಕ್ ಪುಡಿಯಾಗಿದೆಯಾ ನೋಡಿ. ಅದು ಸರಿಯಿದ್ದರೆ, ಗೊತ್ತಿರುವವರ ಒಳ್ಳೆಯ ಸಿಡಿಐ ಒಂದನ್ನು ಐದು ನಿಮಿಷಕ್ಕೆ ಹಾಕಿ ನೋಡುವುದೇ ಸುಲಭದ ದಾರಿ.

ಕಿಡಿ ಸರಿಯಿದೆ, ಪ್ಲಗ್ ಮಾತ್ರ ಒಣಗಿದೆ ಅಂದರೆ ಕಾರ್ಬುರೇಟರ್ ಬಿಚ್ಚಲೇಬೇಕು. ನಿಮ್ಮ ಗಾಡಿಯಲ್ಲಿ ಇದೇ ಆಗಿರುತ್ತದೆ ಅಂತ ನನ್ನ ಅಂದಾಜು. ಒಣಗಿದ ಪೆಟ್ರೋಲ್ ಮತ್ತು ಆಯಿಲ್ ಸೇರಿ ಅಂಟಿನ ಹಾಗೆ ಕೂತಿರುತ್ತದೆ. ಮೇನ್ ಜೆಟ್, ಸ್ಲೋ ಜೆಟ್ ಎರಡನ್ನೂ ತೆಗೆದು ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ಬೆಳಕು ದುಂಡಗೆ ಕಾಣಬೇಕು. ಸ್ಟಾರ್ಟ್ ಆಗಿ ಐಡಲ್‌ನಲ್ಲಿ ನಿಲ್ಲಲು ಬೇಕಾದ್ದು ಸ್ಲೋ ಜೆಟ್. ಅದರ ತೂತು ಬಹಳ ಸಣ್ಣದು, ಮೊದಲು ಕಟ್ಟುವುದೂ ಅದೇ. ಸೂಜಿ, ಪಿನ್ನು ಹಾಕಿ ತಿವಿಯಬೇಡಿ, ಹಿತ್ತಾಳೆಯ ತೂತು ದೊಡ್ಡದಾಗಿಬಿಡುತ್ತದೆ. ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ವೈರ್‌ನ ಒಳಗಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಗಾಳಿ ಹೊಡೆಸಿ. ಪೈಪ್ ಸೇರುವ ಜಾಗದಲ್ಲಿ ಸಣ್ಣ ಜಾಲರಿ ಇರುತ್ತದೆ, ಅದನ್ನೂ ತೊಳೆಯಿರಿ. ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯುವ ತೇಲುವ ಬುಡ್ಡಿ) ಅಲ್ಲಾಡಿಸಿ ನೋಡಿ, ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ. ಫ್ಲೋಟ್ ಪಿನ್‌ನ ತುದಿ ಸವೆದಿದ್ದರೆ ಬದಲಾಯಿಸಿ.

ಆ ಪಿನ್ ಸವೆದಾಗ ಆಗುವ ತೊಂದರೆ ಬೇರೆ ಥರ. ಪೆಟ್ರೋಲ್ ಕಾಕ್ ಮುಚ್ಚದೆ ರಾತ್ರಿ ನಿಲ್ಲಿಸಿದರೆ ಪೆಟ್ರೋಲ್ ಸೋರಿ ಸೋರಿ ಇಂಜಿನ್ ಒಳಗೆ ತುಂಬಿಕೊಳ್ಳುತ್ತದೆ. ಬೆಳಗ್ಗೆ ಎಷ್ಟು ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಆಗ ಕಾಕ್ ಮುಚ್ಚಿ, ಚೋಕ್, ಕೀ ಎರಡನ್ನೂ ಆಫ್ ಮಾಡಿ, ಪ್ಲಗ್ ಬಿಚ್ಚಿಟ್ಟು, ಎಕ್ಸಿಲೇಟರ್ ಪೂರ್ತಿ ತಿರುವಿ ಹಿಡಿದು ಹತ್ತಾರು ಕಿಕ್ ಹೊಡೆಯಬೇಕು. ತೂತಿನಿಂದ ಪೆಟ್ರೋಲ್ ಹೊಗೆಯಂತೆ ಚಿಮ್ಮುತ್ತದೆ, ಮುಖ ಹತ್ತಿರ ಇಡಬೇಡಿ. ಚೆನ್ನಾಗಿ ಆರಿದ ಮೇಲೆ ಒಣ ಪ್ಲಗ್ ಹಾಕಿ. ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚುವ ಅಭ್ಯಾಸ ಮಾಡಿಕೊಂಡರೆ ಈ ಕಷ್ಟವೇ ಬರುವುದಿಲ್ಲ.

ಸೈಲೆನ್ಸರ್ ಬಾಯಿಯನ್ನೂ ಒಮ್ಮೆ ನೋಡಿ. ಕಡಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಹೊಗೆ ಹೊರಗೆ ಹೋಗದಿದ್ದರೆ ಟೂ ಸ್ಟ್ರೋಕ್ ಇಂಜಿನ್ ಉಸಿರಾಡುವುದಿಲ್ಲ. ಏರ್ ಫಿಲ್ಟರ್ ಕೂಡ ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿ.

ಎಲ್ಲ ಜೋಡಿಸಿದ ಮೇಲೆ ಕಾಕ್ ತೆರೆದು ಒಂದು ನಿಮಿಷ ಸುಮ್ನೆ ಬಿಡಿ, ಕಾರ್ಬುರೇಟರ್ ತುಂಬಲಿ. ಚೋಕ್ ಎಳೆಯಿರಿ, ಎಕ್ಸಿಲೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಗಾಡಿಯನ್ನು ಒಂದು ಕಡೆ ವಾಲಿಸಿ ಸ್ಟಾರ್ಟ್ ಮಾಡುವ ಹಳೆಯ ಪದ್ಧತಿ ನಿಮಗೂ ನೆನಪಿರಬೇಕು. ಟ್ಯಾಂಕ್‌ನಲ್ಲಿ ಪೆಟ್ರೋಲ್ ತಳ ಕಂಡಾಗ ಅದರಿಂದ ಉಪಯೋಗ ಇದೆ, ಉಳಿದಂತೆ ಬೇಕಿಲ್ಲ. ಕಿಕ್‌ಗೆ ಬಗ್ಗದಿದ್ದರೆ ಎರಡನೇ ಗೇರ್‌ನಲ್ಲಿ, ಕ್ಲಚ್ ಹಿಡಿದು ತಳ್ಳಿಸಿ, ವೇಗ ಬಂದಾಗ ಬಿಡಿ. ಮೊದಲ ಹತ್ತು ನಿಮಿಷ ದಟ್ಟ ಹೊಗೆ ಬರುತ್ತದೆ. ನೀವು ಹಾಕಿದ ಆಯಿಲ್ ಉರಿಯುತ್ತಿರುತ್ತದೆ, ಹೆದರಬೇಡಿ. ಆಮೇಲೂ ಬಿಳಿ ಹೊಗೆ ನಿಲ್ಲದೆ ಗೇರ್ ಆಯಿಲ್ ಕಡಿಮೆಯಾಗುತ್ತಾ ಬಂದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ. ಎಕ್ಸಿಲೇಟರ್ ಬಿಟ್ಟರೂ ಇಂಜಿನ್ ತಾನಾಗೇ ಏರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಹೆಚ್ಚಾಗಿ ಮ್ಯಾಗ್ನೆಟ್ ಕಡೆಯ ಸೀಲ್. ಕೂಡಲೇ ಆಫ್ ಮಾಡಿ. ಇಂಥ ಸೀಲ್ ಕೆಲಸಕ್ಕೆ ಮಾತ್ರ ಇಂಜಿನ್ ಕೆಳಗಿಳಿಸಬೇಕಾಗಬಹುದು.

ಕಿಕ್ ಹೊಡೆದಾಗ ತಡೆಯೇ ಇಲ್ಲದೆ ಸಡಿಲವಾಗಿ ಹೋದರೆ ಪ್ಲಗ್ ತೂತಿಗೆ ಇನ್ನೊಂದು ಚಮಚ ಆಯಿಲ್ ಬಿಟ್ಟು, ಪ್ಲಗ್ ಹಾಕಿ ನೋಡಿ. ಬಿಗಿ ಬಂದರೆ ರಿಂಗ್ ಸವೆದಿದೆ. ಆಗಲೂ ಗುಜರಿಯ ಮಾತು ಬೇಡ. ಚೇತಕ್ 1972ರಿಂದ ಲಕ್ಷಾಂತರ ಮನೆಗಳಲ್ಲಿ ಓಡಿದ ಗಾಡಿ. ಪಿಸ್ಟನ್, ರಿಂಗ್, ಸೀಲ್, ಪಾಯಿಂಟ್ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ.

ರಸ್ತೆಗೆ ಇಳಿಸುವ ಮುಂಚೆ ಬ್ರೇಕ್ ಕೇಬಲ್, ಟೈರ್ ಬದಲಾಯಿಸಿ. ಬಿರುಕು ಬಿಟ್ಟ ಟೈರ್‌ನಲ್ಲಿ ಮೂಲೆ ಅಂಗಡಿಗೂ ಹೋಗಬೇಡಿ. ಆರ್‌ಸಿ ದಿನಾಂಕವನ್ನೂ ನೋಡಿಕೊಳ್ಳಿ. 15 ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಎರಡೂ ಬೇಕು. ಗಾಡಿ ಇನ್ನೂ ತಂದೆಯವರ ಹೆಸರಲ್ಲೇ ಇದ್ದು ನೀವೇ ಓಡಿಸುವವರಾದರೆ ನಿಮ್ಮ ಹೆಸರಿಗೆ ಮಾಡಿಸುವ ಕೆಲಸವನ್ನೂ ಜೊತೆಗೇ ಮುಗಿಸಿ.

ಪ್ಲಗ್ ಬಿಚ್ಚಿದಾಗ ಒದ್ದೆ ಇತ್ತಾ ಒಣಗಿತ್ತಾ, ಕಿಡಿ ಯಾವ ಬಣ್ಣದ್ದು ಬಂತು, ಇಷ್ಟು ಇಲ್ಲೇ ಬರೆಯಿರಿ. ಮ್ಯಾಗ್ನೆಟ್ ಕವರ್ ತೆಗೆಯುವ ಹಂತಕ್ಕೆ ಬಂದರೆ ಒಳಗಿನ ಫೋಟೊ ಹಾಕಿ. ಯಾವ ಬಗೆಯ ಇಗ್ನಿಷನ್ ಅಂತ ನೋಡಿ, ಮುಂದೆ ಯಾವ ವೈರ್ ಮುಟ್ಟಬೇಕು ಅಂತ ಹೇಳುತ್ತೇನೆ.