ಅನ್ನನಾಳ ಹಿಗ್ಗಿಸಿದರೆ ಇನ್ಫೆಕ್ಷನ್ ಆಗುತ್ತಾ?

ನಿಮ್ಮ ತಾಯಿಯವರಿಗೆ ಬಲೂನ್ ಹಾಕಿ ಅನ್ನನಾಳ ಹಿಗ್ಗಿಸಬೇಕಂತೆ, ಹಿಂದೆ ಹೃದಯದ ವಾಲ್ವ್ ಬೇರೆ ಬದಲಾಯಿಸಿದ್ದಾರೆ, ಇನ್ಫೆಕ್ಷನ್ ಆಗುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಅಪ್ಪನಿಗೆ ವರ್ಷಗಟ್ಟಲೆ ಎದೆಯುರಿ ಇದ್ದು ಅನ್ನನಾಳ ಕಿರಿದಾಗಿತ್ತು. 2 ವರ್ಷದಲ್ಲಿ 5 ಸಲ ಹಿಗ್ಗಿಸಿದರು. ಐದೂ ಸಲ ನಾನೇ ಜೊತೆಗಿದ್ದೆ. ಮೊದಲ ಸಲ ನನಗೂ ಇದೇ ಭಯ ಇತ್ತು.

ಬಲೂನ್ ಉಬ್ಬಿದಾಗ ಅನ್ನನಾಳದ ಒಳಪದರ ಸ್ವಲ್ಪ ಸೀಳುತ್ತದೆ. ಆಗ ಬಾಯಿ, ಗಂಟಲಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು. ನೂರರಲ್ಲಿ 12ರಿಂದ 22 ಜನರಿಗೆ ಹೀಗಾಗುತ್ತದೆ ಎಂಬ ಲೆಕ್ಕವಿದೆ. ಕೇಳಿದರೆ ಜಾಸ್ತಿ ಅನ್ನಿಸುತ್ತೆ, ಅಲ್ವಾ? ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ದೇಹವೇ ಅದನ್ನು ತೆಗೆದುಹಾಕುತ್ತದೆ. ಹಲ್ಲುಜ್ಜುವಾಗಲೂ ಹೀಗೇ ಆಗುತ್ತಿರುತ್ತದೆ. ಅದಕ್ಕೇ ಅಮೆರಿಕದ ಹಾರ್ಟ್ ಅಸೋಸಿಯೇಷನ್ 2007ರಲ್ಲೇ, ಬರೀ ಈ ಬ್ಯಾಕ್ಟೀರಿಯಾದಿಂದ ವಾಲ್ವ್ ಕಾಪಾಡಲೆಂದು ಇಂಥ ಎಂಡೋಸ್ಕೋಪಿಗೆ (ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸುವುದಕ್ಕೆ) ಮೊದಲು ಆ್ಯಂಟಿಬಯೋಟಿಕ್ ಕೊಡುವುದು ಬೇಡ ಎಂದಿತು. ಆದರೂ ವಾಲ್ವ್ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ. ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕಾ ಎಂಬುದನ್ನು ಹೃದಯದ ಡಾಕ್ಟರ್ ಹೇಳಲಿ. ನೀವಾಗಿಯೇ ನಿಲ್ಲಿಸಬೇಡಿ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು.

ನಿಜಕ್ಕೂ ಹೆದರಬೇಕಾದದ್ದು ಬೇರೆ ಎರಡಕ್ಕೆ.

ಒಂದು, ಹೊಟ್ಟೆ ಖಾಲಿ ಇಲ್ಲದಿರುವುದು. ಎರಡನೇ ಸಲ ಬೆಳಗ್ಗೆ ಅಮ್ಮ ಅಪ್ಪನಿಗೆ ಅರ್ಧ ಲೋಟ ರಾಗಿ ಗಂಜಿ ಕೊಟ್ಟುಬಿಟ್ಟಿದ್ದರು. ಗಂಜಿ ತಾನೇ, ಏನಾಗುತ್ತೆ ಅಂತ. ಡಾಕ್ಟರ್ ಅವತ್ತು ಮಾಡಲೇ ಇಲ್ಲ, ವಾಪಸ್ ಕಳಿಸಿದರು. ಕಿರಿದಾದ ಜಾಗದ ಮೇಲೆ ಊಟ ಗಂಟೆಗಟ್ಟಲೆ ನಿಂತಿರುತ್ತದೆ. ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹಾಗಾಗಿ ಎಷ್ಟು ಗಂಟೆ ಉಪವಾಸ, ಹಿಂದಿನ ದಿನ ಬರೀ ದ್ರವಾಹಾರವಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಹೇಳಿ.

ಎರಡು, ಅನ್ನನಾಳ ತೂತಾಗುವುದು. ಸಾಮಾನ್ಯ ಕಿರಿದಾಗುವಿಕೆಯಲ್ಲಿ ಇದು ಸಾವಿರಕ್ಕೆ 1ರಿಂದ 4 ಜನರಿಗೆ ಆಗಬಹುದು. ಆ್ಯಸಿಡ್ ಕುಡಿದು ಸುಟ್ಟ ಅನ್ನನಾಳದಲ್ಲಿ ಅಪಾಯ ಹೆಚ್ಚು. ತೂತಾದರೆ ಎಂಜಲು, ಆಹಾರ ಎದೆಗೂಡಿನೊಳಗೆ ಸೋರಿ ಕೀವಾಗುತ್ತದೆ. ಪ್ರಾಣಕ್ಕೇ ಕುತ್ತು ತರುವ ಇನ್ಫೆಕ್ಷನ್ ಅಂದರೆ ಇದು. ಅದಕ್ಕೇ ಡಾಕ್ಟರ್ ಒಂದೇ ಸಲಕ್ಕೆ ಪೂರ್ತಿ ಹಿಗ್ಗಿಸದೆ, ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಹಿಗ್ಗಿಸಬಹುದು. ಮತ್ತೆ ಮತ್ತೆ ಕರೀತಾರೆ ಅಂತ ಬೇಜಾರಾಗಬೇಡಿ.

ಅವತ್ತು ಗಂಟಲು ಸ್ವಲ್ಪ ನೋಯುವುದು ಸಹಜ. ಆದರೆ ಎದೆನೋವು ಕಮ್ಮಿಯಾಗದೆ ಏರುತ್ತಾ ಹೋದರೆ, ಬೆನ್ನಿಗೆ ಹರಡಿದರೆ, ಜ್ವರ, ಉಸಿರಾಟದ ತೊಂದರೆ ಬಂದರೆ, ಕುತ್ತಿಗೆ ಊದಿ ಒತ್ತಿದಾಗ ಚರಚರ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ನೀರನ್ನೂ ಕೊಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.