ಆ ಇನ್ನೊಬ್ಬ ಸಯಾನಿ ಯಾರು?

ಪ್ರಶ್ನೆ: ನಮಸ್ಕಾರ ಸರ್. ರೇಡಿಯೋ ಮಾತು ಬಂದಾಗೆಲ್ಲ ನಮ್ಮ ಮುತ್ಯಾ ಒಂದು ಮಾತು ಹೇಳೋರು. "ಅಮೀನ್ ಸಯಾನಿ ದೊಡ್ಡಾಂವ ಖರೆ, ಆದ್ರ ಅವ್ನ ಅಣ್ಣ ಇಲ್ದಿದ್ರ ಅಂವ ಎಲ್ಲಿರ್ತಿದ್ದ?" ಅಂತ. ಮುತ್ಯಾ ಈಗಿಲ್ಲ. ಆ ಅಣ್ಣ ಯಾರು ಅಂತ ಯಾರನ್ನ ಕೇಳಿದರೂ ಗೊತ್ತಿಲ್ಲ ಅಂತಾರೆ. ನೀವಾದರೂ ಹೇಳಿ.
– ಒಬ್ಬ ಓದುಗ, ಬ್ರಹ್ಮಪುರ, ಕಲಬುರಗಿ

ಉತ್ತರ: ನಿಮ್ಮ ಮುತ್ಯಾ ಹೇಳಿದ್ದು ನೂರಕ್ಕೆ ನೂರು ನಿಜ. ಗೀತಮಾಲಾ ಅನ್ನೋ ಹಿಂದಿ ಸಿನಿಮಾ ಹಾಡಿನ ರೇಡಿಯೋ ಕಾರ್ಯಕ್ರಮದಿಂದ ಹೆಸರಾದ ಅಮೀನ್ ಸಯಾನಿಯ ಆ ಅಣ್ಣನ ಹೆಸರು ಹಮೀದ್ ಸಯಾನಿ. ಮುಂಬೈ ಆಕಾಶವಾಣಿಯಲ್ಲಿ ಇಂಗ್ಲಿಷ್ ಕಾರ್ಯಕ್ರಮ ನಡೆಸುತ್ತಿದ್ದವರು, ಶ್ರೀಲಂಕಾದ ರೇಡಿಯೋ ಸಿಲೋನ್‌ಗೆ ಕಾರ್ಯಕ್ರಮ ತಯಾರಿಸುವ ಕೆಲಸದಲ್ಲೂ ಇದ್ದವರು. ತಮ್ಮ ಇನ್ನೂ ಚಿಕ್ಕ ಹುಡುಗ ಇದ್ದಾಗಲೇ ಕೈಹಿಡಿದು ಸ್ಟುಡಿಯೋಗೆ ಕರೆದುಕೊಂಡು ಹೋದವರು ಇವರೇ. ಹಾಗಾಗಿ ಅಮೀನ್ ಸಯಾನಿ ಮೊದಲು ಮೈಕ್ ಮುಂದೆ ನಿಂತದ್ದು ಇಂಗ್ಲಿಷ್ ಕಾರ್ಯಕ್ರಮಗಳಿಗೆ. ಇದನ್ನ ಹೇಳಿದರೆ ಈಗಿನವರು ನಂಬೋದೇ ಇಲ್ಲ.

ಮುಂದೆ ಅಮೀನ್ ಆಕಾಶವಾಣಿಯ ಹಿಂದಿ ವಿಭಾಗಕ್ಕೆ ಆಡಿಷನ್ ಕೊಟ್ಟರು. ಉಚ್ಚಾರದಲ್ಲಿ ಗುಜರಾತಿ, ಇಂಗ್ಲಿಷ್ ವಾಸನೆ ಇದೆ ಅಂತ ಅವರನ್ನ ಬೇಡ ಅಂದರು. ಬೇಜಾರು ಮಾಡಿಕೊಂಡು ಕೂತ ತಮ್ಮನಿಗೆ ಅಣ್ಣ ಒಂದು ದಾರಿ ತೋರಿಸಿದರು. ರೇಡಿಯೋ ಸಿಲೋನ್‌ನ ಹಿಂದಿ ಕಾರ್ಯಕ್ರಮಗಳು ಮುಂಬೈಯಲ್ಲೇ ರೆಕಾರ್ಡ್ ಆಗಿ ಕೊಲಂಬೋಗೆ ಹೋಗುತ್ತಿದ್ದವು, ಅಲ್ಲಿ ಹೋಗಿ ಸುಮ್ನೆ ಕೂತು ನೋಡು, ಕಲಿ ಅಂದರು. ಒಂದಿನ ಜಾಹೀರಾತು ಓದಬೇಕಾದವರು ಬರಲಿಲ್ಲ. ನೋಡೋಕೆ ಬಂದವರ ಸಾಲಿನಲ್ಲಿದ್ದ ಈ ಹುಡುಗನನ್ನೇ ಕರೆದು ಓದಿಸಿದರು. ಸಂಬಳ ಎಷ್ಟು ಗೊತ್ತಾ? ವಾರಕ್ಕೆ ಒಂದು ಡಬ್ಬಿ ಓವಲ್ಟೀನ್, ಹಾಲಿಗೆ ಹಾಕಿ ಕುಡಿಯೋ ಪುಡಿ! ಅಲ್ಲಿಂದ 1952ರ ಡಿಸೆಂಬರ್‌ನಲ್ಲಿ ಬಿನಾಕಾ ಗೀತಮಾಲಾ. ವಾರಕ್ಕೆ 25 ರೂಪಾಯಿ, ಅಷ್ಟಕ್ಕೇ ಬರೆಯೋದು, ಮಾತಾಡೋದು, ಬಂದ ಕಾಗದ ನೋಡೋದು ಎಲ್ಲಾ ಅವರೇ. ದೊಡ್ಡವರು ಯಾರೂ ಒಪ್ಪದ ಕೆಲಸ ಅದು. ಮೊದಲ ವಾರವೇ 9,000 ಕಾಗದ ಬಂದವು. ಆಮೇಲಿನ ಕಥೆ ನಮಗೆಲ್ಲ ಗೊತ್ತು.

ಹಮೀದ್ ಅವರ ದನಿಯನ್ನ ನಾನೂ ಕೇಳಿದ್ದೇನೆ. 1972ರಲ್ಲಿ ಶುರುವಾದ ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್ ನಡೆಸುತ್ತಿದ್ದವರು ಅವರೇ. ನಮ್ಮ ಸೋದರಮಾಮಾಗೆ ಕಲಬುರಗಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ಭಾನುವಾರ ಅಂಗಡಿ ಬಂದ್, ಆದರೆ ಒಂದೆರಡು ಸೆಟ್ಟು ಮನೆಗೇ ಬರುತ್ತಿದ್ದವು. ಹಿಂದಿನ ರಟ್ಟು ಬಿಚ್ಚಿ ಪಡಸಾಲೆಯಲ್ಲಿ ಹರಡಿಕೊಂಡು ಕೂತರೆ ರಾಳ ಸುಟ್ಟ ವಾಸನೆ ಅಡುಗೆಮನೆ ತನಕ ಹೋಗೋದು, ಅವ್ವ ಒಳಗಿಂದ ಬೈಯೋಳು. ಮಾಮಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಕ್ವಿಜ್ ಶುರುವಾದರೆ ದನಿ ಜಾಸ್ತಿ ಮಾಡಿ, "ಬರೀರಿ, ಬರೀರಿ, ಏನ್ ಕೇಳ್ತಾನ ಬರೀರಿ" ಅಂತ ನಮ್ಮ ಕೈಗೆ ನೋಟ್‌ಬುಕ್ ಕೊಡೋರು. ನಮಗೆ ಅರ್ಧ ತಿಳಿಯೋದು, ಅರ್ಧ ಇಲ್ಲ. ಆದರೆ ಆ ಮನುಷ್ಯ ಎದುರಿಗಿದ್ದ ಮಕ್ಕಳನ್ನ ದೊಡ್ಡವರ ಹಾಗೆ ಮಾತಾಡಿಸುತ್ತಿದ್ದರು. ಅದು ಭಾಷೆ ಬಾರದಿದ್ದರೂ ತಿಳಿಯುತ್ತಿತ್ತು.

1975ರಲ್ಲಿ ಒಂದು ಭಾನುವಾರ ದನಿ ಬೇರೆ ಬಂತು. ನಾವು ಮಕ್ಕಳು ಖುಷಿಪಟ್ಟೆವು, ಯಾಕಂದರೆ ಅದು ಗೀತಮಾಲಾದ ದನಿ. ಮಾಮಾ ಮಾತ್ರ ಕೈಯಲ್ಲಿದ್ದ ಸಾಲ್ಡರಿಂಗ್ ಐರನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. "ಇದು ತಮ್ಮನ ದನಿ ಅದ. ಅಣ್ಣಗ ಏನೋ ಆಗ್ಯಾದ" ಅಂದರು. ಆದದ್ದೂ ಅದೇ. ಆ ವರ್ಷ ಹಮೀದ್ ತೀರಿಕೊಂಡಿದ್ದರು, ಅಣ್ಣನ ಕುರ್ಚಿಯಲ್ಲಿ ತಮ್ಮ ಬಂದು ಕೂತಿದ್ದರು.

ಯಾಕೆ ಮರೆತೆವು ಅಂತ ಕೇಳಿದರೆ ನನಗೆ ಅನಿಸೋದು ಇಷ್ಟು. ಅವರ ಕೆಲಸ ಜಾಸ್ತಿ ಇಂಗ್ಲಿಷ್‌ನಲ್ಲಿತ್ತು, ನಮ್ಮ ಓಣಿಗಳಲ್ಲಿ ಅದನ್ನ ಹಾಕೋ ಮನೆ ಎಷ್ಟಿದ್ದವು? ಹಾಡಿನ ಜೊತೆ ಬಂದ ದನಿ ಹಾಡಿನ ಜೊತೆಗೇ ಉಳಿಯುತ್ತದೆ, ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಕ್ವಿಜ್ ನಡೆಸಿದವರಿಗೆ ಆ ಭಾಗ್ಯ ಇಲ್ಲ. ಅದೂ ಅಲ್ಲದೆ ಬೇಗ ಹೋಗಿಬಿಟ್ಟರು. ಅಮೀನ್ ಸಾಹೇಬರು 2024ರ ಫೆಬ್ರವರಿ ತನಕ, 91 ವರ್ಷ ನಮ್ಮ ಜೊತೆ ಇದ್ದರು.

ಪ್ರಶ್ನೆ: ಸಯಾನಿ ಅವರದು ಸಿನಿಮಾ ಮನೆತನವಾ? ಮನೆಯಲ್ಲಿ ಇಬ್ಬರಿಗೂ ಅಂಥ ಮಾತು ಹೇಗೆ ಬಂತು?
– ನಿವೃತ್ತ ಶಿಕ್ಷಕಿ, ಬೀದರ್

ಉತ್ತರ: ಅಕ್ಕಾ, ಸಿನಿಮಾದವರಲ್ಲ. ತಂದೆ ಡಾಕ್ಟರು. ತಾಯಿ ಕುಲ್ಸುಮ್ ಸಯಾನಿ, ನೀವು ಟೀಚರ್ ಆಗಿದ್ದವರು, ಇವರ ಬಗ್ಗೆ ತಿಳಿದರೆ ನಿಮಗೆ ತುಂಬಾ ಸಂತೋಷ ಆಗುತ್ತದೆ. ಅಕ್ಷರ ಬಾರದ ದೊಡ್ಡವರಿಗೆ ಓದು ಕಲಿಸೋಕೆ ಜೀವನ ಕೊಟ್ಟ ಹೆಣ್ಣುಮಗಳು. ಆಗತಾನೆ ಓದಲು ಕಲಿತವರಿಗಾಗಿ 'ರಹಬರ್' ಅನ್ನೋ ಪತ್ರಿಕೆ ತರುತ್ತಿದ್ದರು. ಮಾತು ಒಂದೇ, ಸರಳ ಹಿಂದೂಸ್ತಾನಿ, ಲಿಪಿ ಮಾತ್ರ ಮೂರು: ದೇವನಾಗರಿ, ಉರ್ದು, ಗುಜರಾತಿ. ಗಾಂಧೀಜಿಯ ಪ್ರೋತ್ಸಾಹ ಇತ್ತು. ಅಮೀನ್ ಹುಡುಗನಿದ್ದಾಗ ಈ ಪತ್ರಿಕೆಯ ಕೆಲಸಕ್ಕೆ ಕೈಜೋಡಿಸುತ್ತಿದ್ದರು, ತಮ್ಮ ಸರಳ ಮಾತು ಅಲ್ಲಿಂದಲೇ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಕನ್ನಡ, ಉರ್ದು, ಮರಾಠಿ ಒಂದೇ ಸಂತೆಯಲ್ಲಿ ಕೇಳಿ ಬೆಳೆದ ನಿಮ್ಮ ಬೀದರ್ ಜನಕ್ಕೆ ಗೀತಮಾಲಾ ಅಷ್ಟು ಹತ್ತಿರ ಆಗಿದ್ದು ಸುಮ್ನೆ ಅಲ್ಲ ಅಲ್ವಾ?

ಪ್ರಶ್ನೆ: ಶ್ರೀಲಂಕಾದ ಸ್ಟೇಷನ್ ಯಾದಗಿರಿಗೆ ಅಷ್ಟು ಚೆನ್ನಾಗಿ ಹೇಗೆ ಕೇಳಿಸುತ್ತಿತ್ತು?
– ಕಾಲೇಜು ವಿದ್ಯಾರ್ಥಿ, ಯಾದಗಿರಿ

ಉತ್ತರ: ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯ ತನ್ನ ಸೈನಿಕರಿಗಾಗಿ ಅಲ್ಲಿ ರೇಡಿಯೋ ಕೇಂದ್ರ ಮಾಡಿತ್ತು. ಅದರ 100 ಕಿಲೋವ್ಯಾಟ್ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಆಮೇಲೆ ರೇಡಿಯೋ ಸಿಲೋನ್ ಕೈಗೆ ಬಂತು. ಶಾರ್ಟ್‌ವೇವ್ ಅಲೆ ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸ್ ಇಳಿಯುತ್ತದೆ, ಹಾಗಾಗಿ ಸಾವಿರಾರು ಕಿಲೋಮೀಟರ್ ದೂರ ಸಿಗುತ್ತದೆ. ಆ ಪದರ ಅಲುಗಾಡಿದಂತೆ ದನಿಯೂ ದೊಡ್ಡದು ಸಣ್ಣದು ಆಗೋದು. ಬುಧವಾರ ರಾತ್ರಿ 8 ಗಂಟೆಗೆ ಗೀತಮಾಲಾ ಹಿಡಿಯೋಕೆ ಮಾಮಾ ಗುಂಡಿಯನ್ನ ಕೂದಲೆಳೆಯಷ್ಟು ಈ ಕಡೆ, ಆ ಕಡೆ ತಿರುಗಿಸುತ್ತಾ ಕೂರುತ್ತಿದ್ದದ್ದು ಅದಕ್ಕೇ. ಇನ್ನೊಂದು ಕಾರಣ, 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾದವು. ಕೇಳೋರು ಸಿಲೋನ್ ಕಡೆ ಹೋದರು. ಆಕಾಶವಾಣಿಯದೇ ಹಾಡಿನ ಸೇವೆ ವಿವಿಧ ಭಾರತಿ ಬಂದದ್ದು 1957ರ ಅಕ್ಟೋಬರ್‌ನಲ್ಲಿ. ನಮ್ಮ ಕಲಬುರಗಿ ಆಕಾಶವಾಣಿ ಇನ್ನೂ ತಡ, 1966ರಲ್ಲಿ.

ಕಡೆಗೆ ಒಂದು ಕೇಳಿಕೆ. 1972ರಿಂದ 75ರ ನಡುವೆ ಈ ಕ್ವಿಜ್ ಟೇಪ್ ಮಾಡಿಕೊಂಡವರು ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಕ್ಯಾಸೆಟ್ಟಿನ ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರ್‌ಗೆ ಹಾಕಬೇಡಿ, ಹಾಗೇ ಇಡಿ. ಮಾಮಾ ಬರೆಸಿದ ನೋಟ್‌ಬುಕ್ಕುಗಳಲ್ಲಿ ಒಂದು ನನ್ನ ಹತ್ತಿರ ಇದೆ. ಆ ದನಿ ಸಿಕ್ಕರೆ ಪ್ರಶ್ನೆಗಳನ್ನ ಹೊಂದಿಸಿ ನೋಡಬೇಕು.