ಹಾಫೀಜನ ಊರಿಗೆ ಶಿಯಾ ಪಂಥ ಬಂದದ್ದು ಯಾವಾಗ?

ಪರ್ಷಿಯಾದ ಇಸ್ಲಾಂ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದವುಗಳಿಗೆಲ್ಲ ಅದೇ ಬುನಾದಿಯಾದ್ದರಿಂದ ಕತ್ತರಿಸಲು ಹೋಗಲಿಲ್ಲ. ಹೊಸಬರಿಗೆ ಒಂದು ಮಾತು: ಪ್ರವಾದಿಯವರ ನಂತರ ಅವರ ಅಳಿಯ ಅಲಿ, ಆಮೇಲೆ ಅಲಿಯ ವಂಶದ ಇಮಾಮರೇ ಮುಖಂಡರು ಎನ್ನುವವರು ಶಿಯಾಗಳು; ಇಂಥ ಇಮಾಮರು ಹನ್ನೆರಡು ಎಂಬುದು ಅವರಲ್ಲಿ ಹೆಚ್ಚಿನವರ ನಂಬಿಕೆ. ಅಲಿಗಿಂತ ಮೊದಲಿನ ಮೂವರು ಖಲೀಫರನ್ನೂ ಒಪ್ಪುವವರು ಸುನ್ನಿಗಳು.

ಪ್ರಶ್ನೆ: ಇರಾನ್ ಎಂದರೆ ಶಿಯಾ ಎಂದೇ ನಾನು ತಿಳಿದಿದ್ದೆ. ಆದರೆ ಪರ್ಷಿಯನ್ ಕವಿಗಳಾದ ಸಾದಿ, ರೂಮಿ, ಹಾಫೀಜ್ ಎಲ್ಲರೂ ಸುನ್ನಿಗಳು ಎಂದು ಒಂದು ಉಪನ್ಯಾಸದಲ್ಲಿ ಕೇಳಿದೆ. ನಿಜವೇ? ನಿಜವಾದರೆ ಇಡೀ ದೇಶ ಬದಲಾದದ್ದು ಯಾವಾಗ, ಹೇಗೆ? (ದಾವಣಗೆರೆಯ ಓದುಗರು)

ನೀವು ಕೇಳಿದ್ದು ಸರಿಯಾಗಿಯೇ ಇದೆ. ಅಷ್ಟೇ ಅಲ್ಲ, ಸುನ್ನಿ ಪಂಥದ ಗ್ರಂಥಭಂಡಾರ ಕಟ್ಟಿದವರಲ್ಲಿ ದೊಡ್ಡ ಪಾಲು ಪರ್ಷಿಯಾ ಸೀಮೆಯವರದೇ. ಸುನ್ನಿಗಳು ಪ್ರಮಾಣವೆಂದು ಒಪ್ಪುವ ಹದೀಸ್ (ಪ್ರವಾದಿಯವರ ನಡೆನುಡಿಯ ದಾಖಲೆ) ಸಂಕಲನಗಳು ಆರು. ಅವನ್ನು ಸಂಗ್ರಹಿಸಿದವರ ಊರುಗಳನ್ನು ನೋಡಿ: ಬುಖಾರಾ, ನಿಶಾಪುರ, ತಿರ್ಮಿಜ್, ಸಿಸ್ತಾನ್, ನಸಾ, ಕಜ್ವೀನ್. ಒಂದೂ ಅರೇಬಿಯಾದ್ದಲ್ಲ. ಸುನ್ನಿಗಳ ದೊಡ್ಡ ಧರ್ಮಪಂಡಿತ ಇಮಾಮ್ ಗಜಾಲಿ (1058–1111) ತೂಸ್‌ನವರು. ಬಾಗ್ದಾದಿನಲ್ಲಿ ನಿಜಾಮಿಯಾ ಮದರಸಾ ಕಟ್ಟಿಸಿದ ಸೆಲ್ಜುಕ್ ತುರ್ಕರ ವಜೀರ ನಿಜಾಮುಲ್ ಮುಲ್ಕ್ ಕೂಡ ಅದೇ ಕಡೆಯವನು.

ಪರ್ಷಿಯಾವನ್ನು ಅರಬರು ಗೆದ್ದಾಗ ಅಲ್ಲಿ ಆಳುತ್ತಿದ್ದ ಸಾಸಾನಿ ವಂಶದ ಕೊನೆಯ ದೊರೆ ಮೂರನೆಯ ಯಜ್ದಗಿರ್ದ್ ಮರ್ವ್ ಬಳಿ ಕೊಲೆಯಾದದ್ದು 651ರಲ್ಲಿ. ರಾಜ್ಯ ಹೋದಷ್ಟು ಬೇಗ ಹಳೆಯ ಜರತುಷ್ಟ್ರ ಧರ್ಮ ಹೋಗಲಿಲ್ಲ. ಜನಸಾಮಾನ್ಯರಲ್ಲಿ ಹೆಚ್ಚಿನವರು ಮುಸ್ಲಿಮರಾಗಲು ಎರಡು ಮೂರು ಶತಮಾನವೇ ಹಿಡಿಯಿತು. ಹಾಗೆ ಆದವರಲ್ಲಿ ಬಹುಪಾಲು ಸುನ್ನಿಗಳು. ಶಿಯಾಗಳು ಇರಲಿಲ್ಲವೆಂದಲ್ಲ. ಕುಮ್, ಕಾಶಾನ್, ಸಬ್ಜವಾರ್ ಮೊದಲಿನಿಂದಲೂ ಅವರ ಊರುಗಳು. 945ರಲ್ಲಿ ಬಾಗ್ದಾದನ್ನೇ ಹಿಡಿದ ಬುವೈಹಿ ದೊರೆಗಳು ಶಿಯಾಗಳಾಗಿದ್ದರು. ಅಲಮೂತ್ ಕೋಟೆಯಿಂದ ಸೆಲ್ಜುಕರ ನಿದ್ದೆ ಕೆಡಿಸಿದ ಹಸನ್ ಸಬ್ಬಾಹ್ ಶಿಯಾಗಳದೇ ಒಂದು ಒಳಪಂಗಡವಾದ ಇಸ್ಮಾಯಿಲಿಗಳವನು. ಆದರೂ ಇಸ್ಫಹಾನ್, ಹಾಫೀಜನ ಊರಾದ ಶಿರಾಜ್, ತಬ್ರೀಜ್, ಹಿರಾತ್‌ನಂಥ ಪಟ್ಟಣಗಳಲ್ಲಿ ಸುನ್ನಿಗಳದೇ ಮೇಲುಗೈ.

ತಿರುವು ಬಂದದ್ದು ಒಂದು ಸೂಫಿ ಮಠದಿಂದ. ಕ್ಯಾಸ್ಪಿಯನ್ ಸಮುದ್ರದ ಹತ್ತಿರ ಅರ್ದಬೀಲ್ ಎಂಬ ಊರಿದೆ. ಅಲ್ಲಿ ಶೇಖ್ ಸಫಿಯುದ್ದೀನ್ (1252–1334) ಎಂಬ ಪೀರ್ ಇದ್ದರು, ಸುನ್ನಿಯೇ. ಅವರ ಗಾದಿ ಮಗನಿಗೆ, ಮೊಮ್ಮಗನಿಗೆ ಎಂದು ಇಳಿಯುತ್ತ ಬಂದಂತೆ ಭೂಮಿಕಾಣಿ, ಮುರೀದರ (ಶಿಷ್ಯರ) ಸಂಖ್ಯೆ ಎರಡೂ ಬೆಳೆದವು. ಹದಿನೈದನೆಯ ಶತಮಾನದಲ್ಲಿ ಶೇಖ್ ಜುನೈದ್, ಅವನ ಮಗ ಹೈದರ್ ತಸ್ಬೀಹ್ ಎಂಬ ಜಪಮಾಲೆಯ ಜೊತೆಗೆ ಕತ್ತಿಯನ್ನೂ ಹಿಡಿದರು. ಅವರ ಬೆನ್ನಿಗೆ ನಿಂತವರು ಅನಾತೋಲಿಯಾ ಕಡೆಯ ತುರ್ಕಮಾನ್ ಬುಡಕಟ್ಟಿನವರು. ಹನ್ನೆರಡು ಇಮಾಮರ ನೆನಪಿಗೆ ಹನ್ನೆರಡು ಮಡಿಕೆಯ ಕೆಂಪು ಟೋಪಿ ತೊಡುತ್ತಿದ್ದ ಇವರಿಗೆ ಕಿಜಿಲ್‌ಬಾಷ್ ಎಂಬ ಹೆಸರು ಬಿತ್ತು. ಮದರಸಾದ ಧರ್ಮಶಾಸ್ತ್ರ ಇವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಲಿಯ ಮೇಲಿನ ಭಕ್ತಿ, ಪೀರನ ಮೇಲಿನ ಮೂಢ ಎನ್ನಬಹುದಾದಷ್ಟು ನಂಬಿಕೆ.

ಹೈದರನ ಮಗ ಇಸ್ಮಾಯಿಲ್ ಬಾಲ್ಯ ಕಳೆದದ್ದು ಗೀಲಾನ್ ಸೀಮೆಯಲ್ಲಿ ತಲೆಮರೆಸಿಕೊಂಡು. 1501ರಲ್ಲಿ, ಇನ್ನೂ ಹದಿನಾಲ್ಕರ ಹುಡುಗ, ತಬ್ರೀಜ್ ಗೆದ್ದು ಶಾಹ್ ಆದ. ಮೂಲಪೀರ ಸಫಿಯುದ್ದೀನರ ಹೆಸರಿನಿಂದ ಈ ವಂಶಕ್ಕೆ ಸಫವಿ ಎಂದು ಹೆಸರು. ಆದವನೇ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ (ಶುಕ್ರವಾರದ ಪ್ರವಚನ) ಓದಿಸಿದ. ಅಜಾನ್‌ನಲ್ಲಿ ಅಲಿಯ ಹೆಸರು ಸೇರಿಸಲು ಹುಕುಂ ಮಾಡಿದ. ಮೊದಲ ಮೂವರು ಖಲೀಫರನ್ನು ಬೀದಿಯಲ್ಲಿ ನಿಂತು ಶಪಿಸಲಿಕ್ಕೇ ಒಂದು ತಂಡವಿತ್ತು. ಅದನ್ನು ಕೇಳಿಸಿಕೊಂಡವರು ದನಿಗೂಡಿಸಬೇಕು, ಸುಮ್ಮನಿದ್ದರೆ ಜೀವಕ್ಕೇ ಅಪಾಯ. ಎದುರಾಡಿದ ಸುನ್ನಿ ವಿದ್ವಾಂಸರು ಪ್ರಾಣ ಕಳೆದುಕೊಂಡರು, ಇಲ್ಲವೇ ಆಟೊಮನ್ ರಾಜ್ಯಕ್ಕೋ ಉಜ್ಬೆಕ್ ಸೀಮೆಗೋ ಹೊರಟುಹೋದರು. ಈ ಭಾಗವನ್ನು ಮೃದು ಮಾಡಿ ಹೇಳುವವರಿದ್ದಾರೆ. ಸಫವಿ ಕಾಲದ ಬಖೈರುಗಳೇ ಇದನ್ನು ಮುಚ್ಚಿಟ್ಟಿಲ್ಲ, ನಾವೇಕೆ ಮುಚ್ಚಿಡಬೇಕು?

ಸ್ವಾರಸ್ಯವಿರುವುದು ಇದರ ನಂತರ. ಪಂಥವೇನೋ ಘೋಷಣೆಯಾಯಿತು. ಅದನ್ನು ಕಲಿಸುವವರು ಯಾರು? ಅಂದಿನ ಇತಿಹಾಸಕಾರ ಹಸನ್ ಬೇಗ್ ರೂಮ್ಲೂ ಬರೆಯುವಂತೆ, ತಬ್ರೀಜ್‌ನಲ್ಲಿ ಹುಡುಕಾಡಿದಾಗ ಶಿಯಾ ಧರ್ಮಶಾಸ್ತ್ರದ್ದೆಂದು ಸಿಕ್ಕಿದ್ದು ಹಿಂದಿನ ಶಿಯಾ ಪಂಡಿತ ಅಲ್ಲಾಮಾ ಹಿಲ್ಲಿಯ ಒಂದು ಗ್ರಂಥದ ಮೊದಲ ಭಾಗ ಮಾತ್ರ, ಅದೂ ಒಬ್ಬ ಕಾಜಿಯ ಮನೆಯ ಕಪಾಟಿನಲ್ಲಿ. ಹೊಸ ರಾಜ್ಯದ ಪಾಠ ಶುರುವಾದದ್ದು ಆ ಅರ್ಧ ಪುಸ್ತಕದಿಂದ. ಹಾಗಾಗಿ ವಿದ್ವಾಂಸರನ್ನು ಹೊರಗಿನಿಂದ ಕರೆಸಬೇಕಾಯಿತು. ಬಂದವರಲ್ಲಿ ಮುಖ್ಯರಾದವರು ಈಗಿನ ಲೆಬನಾನಿನ ಜಬಲ್ ಆಮಿಲ್, ಬಾಲ್‌ಬೆಕ್ ಕಡೆಯ ಅರಬರು. ಇಸ್ಮಾಯಿಲನ ಮಗ ತಹಮಾಸ್ಪ್ (ಆಳ್ವಿಕೆ 1524–1576) ಅವರಲ್ಲಿ ಕರಕಿ ಎಂಬ ಪಂಡಿತರಿಗೆ ಕೊಟ್ಟ ಅಧಿಕಾರ ಎಷ್ಟಿತ್ತೆಂದರೆ ಆಸ್ಥಾನದವರೇ ಹೊಟ್ಟೆಕಿಚ್ಚು ಪಟ್ಟರು. ಇಸ್ಫಹಾನಿಗೆ ಹೋದವರೆಲ್ಲ ಫೋಟೊ ತೆಗೆಯುವ ಶೇಖ್ ಲುತ್‌ಫುಲ್ಲಾ ಮಸೀದಿಗೆ ಹೆಸರು ಬಂದದ್ದೂ ಜಬಲ್ ಆಮಿಲ್‌ನಿಂದ ಬಂದ ವಿದ್ವಾಂಸರೊಬ್ಬರಿಂದಲೇ.

1514ರಲ್ಲಿ ಚಾಲ್ದಿರಾನ್ ಬಯಲಿನಲ್ಲಿ ಆಟೊಮನ್ ಫಿರಂಗಿಗಳೆದುರು ಇಸ್ಮಾಯಿಲ್ ಸೋತ. ಸೋಲೇ ಇಲ್ಲದ ಪೀರ್ ಎಂಬ ಕಿಜಿಲ್‌ಬಾಷರ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು. ಆಮೇಲಿನ ಸಫವಿಗಳು ಪವಾಡಕ್ಕಿಂತ ಪಂಡಿತರನ್ನು ನೆಚ್ಚಿಕೊಂಡರು. ನನ್ನ ಅಭಿಪ್ರಾಯದಲ್ಲಿ ಇರಾನಿನ ಶಿಯಾ ಪಂಥಕ್ಕೆ ಇಂದಿನ ರೂಪ ಬಂದದ್ದು 1501ರ ಘೋಷಣೆಗಿಂತ ಹೆಚ್ಚಾಗಿ ಈ ಸೋಲಿನಿಂದ.

ಹೆದರಿಕೆಯಿಂದ ಬಾಯಿ ಕಟ್ಟಬಹುದು, ಇನ್ನೂರು ವರ್ಷ ಉಳಿಯುವ ಭಕ್ತಿ ಹುಟ್ಟಿಸಲಾಗದು. ಅದಕ್ಕೆ ಬೇರೆ ಕಾರಣಗಳಿದ್ದವು. ಪ್ರವಾದಿಯವರ ಮನೆತನದ ಮೇಲಿನ ಪ್ರೀತಿ ಪರ್ಷಿಯಾದ ಸುನ್ನಿಗಳಲ್ಲೂ ಮೊದಲೇ ಗಾಢವಾಗಿತ್ತು. ಪ್ರವಾದಿಯವರ ಮೊಮ್ಮಗ ಹುಸೇನರೊಂದಿಗೆ ಕರ್ಬಲಾದಲ್ಲಿ ಮಡಿದ ಹುತಾತ್ಮರ ಬಗ್ಗೆ ಪರ್ಷಿಯನ್ನಿನಲ್ಲಿ ಅತಿ ಹೆಚ್ಚು ಓದಿಸಿಕೊಂಡ ಗ್ರಂಥ ‘ರೌಜತುಶ್ ಶುಹದಾ’. ಹುಸೇನ್ ವಾಯಿಜ್ ಕಾಶಿಫಿ ಅದನ್ನು ಬರೆದದ್ದು ಸಫವಿಗಳ ತಬ್ರೀಜ್‌ನಲ್ಲಲ್ಲ, 1502ರ ಸುಮಾರಿಗೆ ಸುನ್ನಿ ದೊರೆಗಳ ಹಿರಾತ್‌ನಲ್ಲಿ! ಮುಂದೆ ಶಾಹ್ ಅಬ್ಬಾಸ್ 1601ರಲ್ಲಿ ಇಸ್ಫಹಾನಿನಿಂದ ಮಶ್ಹದ್‌ಗೆ, ಹನ್ನೆರಡು ಇಮಾಮರಲ್ಲಿ ಒಬ್ಬರಾದ ಇಮಾಮ್ ರಜಾ ದರ್ಗಾಕ್ಕೆ, ಕಾಲ್ನಡಿಗೆಯಲ್ಲಿ ಹೋದ. ಆಟೊಮನ್ನರ ಕೈಯಲ್ಲಿದ್ದ ಯಾತ್ರಾಸ್ಥಳಗಳಿಗೆ ಬದಲು ತನ್ನ ನಾಡಿನದೇ ಒಂದನ್ನು ದೊಡ್ಡದು ಮಾಡುವ ಲೆಕ್ಕಾಚಾರವೂ ಅದರಲ್ಲಿತ್ತು. ಹದಿನೇಳನೆಯ ಶತಮಾನದ ಕೊನೆಗೆ ಮುಲ್ಲಾ ಮಜ್ಲಿಸಿ ಅರಬ್ಬಿಯಲ್ಲಷ್ಟೇ ಅಲ್ಲ, ಜನರಿಗೆ ತಿಳಿಯುವ ಸರಳ ಪರ್ಷಿಯನ್ನಿನಲ್ಲೂ ಬರೆದು ಪಂಥವನ್ನು ಮನೆಮನೆಗೆ ಮುಟ್ಟಿಸಿದರು. 1722ರಲ್ಲಿ ಸುನ್ನಿ ಆಫ್ಘನ್ನರು ಇಸ್ಫಹಾನ್ ಹಿಡಿದಾಗ, 1736ರಲ್ಲಿ ನಾದಿರ್ ಶಾಹ್ ಶಿಯಾ ಪಂಥವನ್ನು ಸುನ್ನಿಗಳ ಐದನೆಯ ಮಜ್ಹಬ್ (ಧರ್ಮಶಾಸ್ತ್ರದ ಶಾಖೆ) ಮಾಡಿಬಿಡೋಣ ಎಂದಾಗ ಜನ ಜಗ್ಗಲಿಲ್ಲ.

ಇಂದಿಗೂ ಇರಾನಿನ ಗಡಿಯಂಚಿನ ಬಲೂಚಿಗಳು, ತುರ್ಕಮಾನರು, ಕುರ್ದರಲ್ಲಿ ಹೆಚ್ಚಿನವರು ಸುನ್ನಿಗಳೇ. ಪರ್ಷಿಯನ್ ಮಾತಾಡುವ ತಜಿಕರೂ ಹಾಗೇ.

ಪ್ರಶ್ನೆ: ನೌರೂಜ್ ಇಸ್ಲಾಮಿನ ಹಬ್ಬವೇ, ಪಾರ್ಸಿಗಳದೇ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಇಸ್ಲಾಮಿಗಿಂತ ಹಳೆಯದು. ಮಾರ್ಚ್ 20–21ರ ಸುಮಾರಿಗೆ ಹಗಲು ಇರುಳು ಸಮವಾಗುವ ಹೊತ್ತಿಗೆ ಬರುವ ಹೊಸವರ್ಷ. ಖಲೀಫರ ಕಾಲದಲ್ಲಿ ಇದನ್ನು ಅಗ್ನಿಪೂಜಕರ ಹಬ್ಬವೆಂದು ಮೂಗು ಮುರಿದವರಿದ್ದರು. ಅರಮನೆಗಳು ಕಾಣಿಕೆಯ ಆಸೆಗೆ ಬಿಡಲಿಲ್ಲ. ಸಫವಿ ಕಾಲದ ಶಿಯಾ ಪಂಡಿತರು ಹನ್ನೆರಡು ಇಮಾಮರಲ್ಲಿ ಒಬ್ಬರಾದ ಇಮಾಮ್ ಜಾಫರ್ ಸಾದಿಕ್ ಅವರ ಹೆಸರಿನಲ್ಲಿರುವ ಹದೀಸ್‌ಗಳನ್ನು ಮುಂದಿಟ್ಟು ನೌರೂಜ್‌ಗೆ ಪುಣ್ಯದಿನದ ಸ್ಥಾನ ಕೊಟ್ಟರು. ಇಂದು ಇರಾನಿನ ಮನೆಗಳಲ್ಲಿ ಮೊಳಕೆ, ಬೆಳ್ಳುಳ್ಳಿ, ಸೇಬು, ವಿನಿಗರ್ ಜೋಡಿಸಿದ ಮೇಜಿನ ಮೇಲೆ ಕುರಾನ್ ಇರುತ್ತದೆ, ಕೆಲವರ ಮನೆಯಲ್ಲಿ ಹಾಫೀಜನ ದಿವಾನ್ (ಕವನ ಸಂಕಲನ) ಕೂಡ.

ಪ್ರಶ್ನೆ: ಅಯತೊಲ್ಲಾ ಆಗಲು ಪರೀಕ್ಷೆ ಇದೆಯೇ? ಸರಕಾರ ನೇಮಿಸುತ್ತದೆಯೇ? (ಶಿವಮೊಗ್ಗದ ನಿವೃತ್ತ ಶಿಕ್ಷಕರು)

ಪದವಿ ಪ್ರಮಾಣಪತ್ರದ ಹಾಗೆ ಒಂದು ದಿನ ಕೈಗೆ ಸಿಗುವ ಬಿರುದಲ್ಲ ಅದು. ಕುಮ್ ಅಥವಾ ಇರಾಕಿನ ನಜಫ್‌ನ ಮದರಸಾಗಳಲ್ಲಿ ವ್ಯಾಕರಣ, ತರ್ಕದಿಂದ ಶುರುವಾಗುವ ಓದು ಕೊನೆಯ ಹಂತಕ್ಕೆ ಬಂದಾಗ ಪಠ್ಯಪುಸ್ತಕವೇ ಇರುವುದಿಲ್ಲ. ಗುರು ಒಂದು ಸಮಸ್ಯೆ ಎತ್ತಿಕೊಳ್ಳುತ್ತಾರೆ, ಶಿಷ್ಯರು ನಡುವೆಯೇ ಬಾಯಿ ಹಾಕಿ ಖಂಡಿಸುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ, ಸ್ವಂತ ವಿವೇಚನೆಯಿಂದ ತೀರ್ಪು ಕೊಡಬಲ್ಲ ಎಂದು ಗುರುವಿಗೆ ಅನ್ನಿಸಿದರೆ ಇಜಾಜತ್ (ಅನುಮತಿ) ಕೊಡುತ್ತಾರೆ. ಅಂಥವರಲ್ಲೂ ಸಾವಿರಾರು ಜನ ತಮ್ಮ ಧಾರ್ಮಿಕ ಮಾರ್ಗದರ್ಶಕನೆಂದು ಒಪ್ಪಿಕೊಂಡವನು ಮರ್ಜಾ. ಅನುಯಾಯಿಗಳು ಖರ್ಚು ಕಳೆದು ಉಳಿದದ್ದರಲ್ಲಿ ಐದನೆಯ ಒಂದು ಪಾಲನ್ನು ಖುಮ್ಸ್ ಎಂದು ಅವನಿಗೆ ಸಲ್ಲಿಸುತ್ತಾರೆ. ವಿದ್ಯಾರ್ಥಿಗಳ ಊಟ ವಸತಿ ನಡೆಯುವುದು ಇದರಿಂದ. ಶಿಯಾ ಪಂಡಿತರು ದೊರೆಗಳ ಮುಂದೆ ಬೆನ್ನು ನೆಟ್ಟಗೆ ನಿಲ್ಲಲು ಸಾಧ್ಯವಾದದ್ದೂ ಈ ಹಣದ ಬಲದಿಂದ.

ಒಂದು ಉದಾಹರಣೆ ಕೊಡುತ್ತೇನೆ. 1890ರಲ್ಲಿ ಇರಾನಿನ ದೊರೆ ನಾಸಿರುದ್ದೀನ್ ಶಾಹ್ ದೇಶದ ತಂಬಾಕಿನ ವ್ಯಾಪಾರವನ್ನೆಲ್ಲ ಒಬ್ಬ ಇಂಗ್ಲಿಷ್ ಗುತ್ತಿಗೆದಾರನಿಗೆ ಬರೆದುಕೊಟ್ಟ. ಮರುವರ್ಷ ಡಿಸೆಂಬರಿನಲ್ಲಿ, ಇರಾಕಿನ ಸಾಮರ್ರಾದಲ್ಲಿದ್ದ ಮರ್ಜಾ ಮಿರ್ಜಾ ಶಿರಾಜಿ ಅವರ ಹೆಸರಿನಲ್ಲಿ ಒಂದು ಸಾಲಿನ ಫತ್ವಾ ಹೊರಟಿತು. ತಂಬಾಕು ಮುಟ್ಟಬಾರದು ಎಂದು. ಅಂಗಡಿಗಳು ಬಾಗಿಲು ಹಾಕಿದವು. ಅರಮನೆಯ ರಾಣೀವಾಸದಲ್ಲೂ ಹುಕ್ಕಾ ಆರಿತು. ಕೆಲವೇ ವಾರಗಳಲ್ಲಿ ಗುತ್ತಿಗೆ ರದ್ದಾಯಿತು.

ಪಂಡಿತರೇ ಆಳಬೇಕು ಎಂಬುದು ಇದಕ್ಕಿಂತ ಬಹಳ ಈಚಿನ ಮಾತು. ಅಯತೊಲ್ಲಾ ಖೊಮೇನಿ 1970ರಲ್ಲಿ ನಜಫ್‌ನ ಉಪನ್ಯಾಸಗಳಲ್ಲಿ ಅದನ್ನು ವಿಸ್ತಾರವಾಗಿ ಮಂಡಿಸಿದರು, 1979ರಲ್ಲಿ ಅದು ಇರಾನಿನ ಸಂವಿಧಾನಕ್ಕೇ ಸೇರಿತು. ನಜಫ್‌ನಲ್ಲೇ ಇದ್ದ ಅಯತೊಲ್ಲಾ ಖೂಯಿ ಅಂಥ ಹಿರಿಯರು ಇದನ್ನು ಒಪ್ಪಿರಲಿಲ್ಲ. ಹಾಗಾಗಿ ಶಿಯಾ ಪಂಥ ಬೇರೆ, ಇರಾನಿನ ಆಡಳಿತ ಬೇರೆ ಎಂಬುದು ನೆನಪಿರಲಿ. ಅಂದಹಾಗೆ, ಕಪ್ಪು ರುಮಾಲು ಸುತ್ತಿದವರು ಪ್ರವಾದಿಯವರ ವಂಶದವರು, ಬಿಳಿಯದು ಉಳಿದವರಿಗೆ. ಟಿವಿಯಲ್ಲಿ ನೋಡುವಾಗ ಇದನ್ನು ದರ್ಜೆಯ ಗುರುತು ಎಂದುಕೊಳ್ಳುವವರು ಬಹಳ.

ಪ್ರಶ್ನೆ: ನಮ್ಮೂರಿನಲ್ಲಿ ಮೊಹರಂಗೆ ಅಲಾಯಿ ಕುಣಿ ತೋಡಿ, ಹೆಜ್ಜೆ ಹಾಕಿ, ರಿವಾಯತ್ ಪದ ಹಾಡುತ್ತಾರೆ. ಇರಾನಿನಲ್ಲೂ ಹೀಗೆಯೇ? (ಲಿಂಗಸುಗೂರು ಕಡೆಯ ಓದುಗರು)

ಕಥೆ ಒಂದೇ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ನೀರೂ ಸಿಗದೆ ಖಲೀಫ ಯಜೀದನ ಸೈನ್ಯದ ಕೈಯಲ್ಲಿ ಮಡಿದ ಕಥೆ. ಆಚರಣೆ ಬೇರೆ. ಕುಣಿ, ಬೆಂಕಿ, ಹುಲಿವೇಷ ಇವೆಲ್ಲ ದಖ್ಖನದವು. ಇರಾನಿನವರು ಮುದಗಲ್ಲಿಗೆ ಬಂದು ನೋಡಿದರೆ ಕಣ್ಣರಳಿಸಿಯಾರು. ಅಲ್ಲಿ ಯಜ್ದ್ ಕಡೆ ನಖ್ಲ್ ಎಂಬ ಮನೆಯೆತ್ತರದ ಮರದ ಚೌಕಟ್ಟಿಗೆ ಕಪ್ಪು ಬಟ್ಟೆ ಹೊದಿಸಿ ಹುಸೇನರ ಚಟ್ಟವೆಂದು ಹತ್ತಾರು ಗಂಡಸರು ಹೆಗಲು ಕೊಟ್ಟು ಹೊರುತ್ತಾರೆ.

ನಿಮಗೆ ಹೆಚ್ಚು ಹತ್ತಿರ ಅನ್ನಿಸುವುದು ತಾಜಿಯೆ. ಇಲ್ಲಿ ತಾಜಿಯಾ ಎಂದರೆ ಬಿದಿರು ಕಾಗದದ ಗೋರಿ, ಅಲ್ಲಿ ಅದು ಬಯಲಾಟದಂಥ ನಾಟಕ. ನಡುವೆ ದಿಬ್ಬದಂಥ ರಂಗ, ಸುತ್ತ ಜನ. ಪರದೆಯಿಲ್ಲ. ಪಾತ್ರಧಾರಿ ರಂಗಕ್ಕೊಂದು ಸುತ್ತು ಹಾಕಿದರೆ ಮದೀನಾದಿಂದ ಕರ್ಬಲಾ ತಲುಪಿದ ಹಾಗೆ, ಒಂದು ಬೋಗುಣಿ ನೀರಿಟ್ಟರೆ ಯೂಫ್ರೆಟಿಸ್ ನದಿ. ಹುಸೇನರ ಕಡೆಯವರು ಹಸಿರು ಉಟ್ಟು ಹಾಡುತ್ತಾರೆ. ಯಜೀದನ ಕಡೆಯವರು ಕೆಂಪು ಉಟ್ಟಿರುತ್ತಾರೆ, ಅವರಿಗೆ ಹಾಡಿಲ್ಲ, ಗದರುವ ಮಾತು ಮಾತ್ರ. ಮಾತು ಬಾಯಿಪಾಠವಿದ್ದರೂ ಕೈಯಲ್ಲಿ ಚೀಟಿ ಹಿಡಿದೇ ನುಡಿಯುವವರುಂಟು, ತಾನು ಆ ವ್ಯಕ್ತಿಯಲ್ಲ, ಅವನ ಮಾತನ್ನು ಓದುತ್ತಿದ್ದೇನೆ ಅಷ್ಟೇ ಎಂದು ತೋರಿಸಲಿಕ್ಕೆ. ಹುಸೇನರ ಕತ್ತು ಕೊಯ್ಯುವ ಶಿಮರ್‌ನ ಪಾತ್ರಧಾರಿ ಖಂಜರು ಎತ್ತಿದ ಕೈಯಲ್ಲೇ ಅಳುತ್ತಾನೆ. ಕಜಾರ್ ದೊರೆಗಳ ಕಾಲದಲ್ಲಿ ಟೆಹರಾನಿನ ತಕಿಯೆ ದೌಲತ್ ಎಂಬ ದೊಡ್ಡ ವೃತ್ತಾಕಾರದ ರಂಗಮಂದಿರದಲ್ಲಿ ಇದು ನಡೆಯುತ್ತಿತ್ತು. 1930ರ ದಶಕದಲ್ಲಿ ರಜಾ ಶಾಹ್ ಇದನ್ನು ಹಿಂದುಳಿದವರ ಆಚರಣೆ ಎಂದು ಅದುಮಿದ, ಆ ಕಟ್ಟಡವೂ ಮುಂದೆ ನೆಲಸಮವಾಯಿತು. ಹಳ್ಳಿಗಳು ಬಿಡಲಿಲ್ಲ. 2010ರಲ್ಲಿ ತಾಜಿಯೆ ಯುನೆಸ್ಕೊ ಪಟ್ಟಿ ಸೇರಿತು.

ಪ್ರಶ್ನೆ: ರಜೆಯಲ್ಲಿ ಮಕ್ಕಳೊಂದಿಗೆ ಬೀದರಿಗೆ ಹೋಗುತ್ತಿದ್ದೇವೆ. ಪರ್ಷಿಯಾದ ನಂಟು ಕಾಣಬೇಕೆಂದರೆ ಏನೇನು ನೋಡಬೇಕು? (ಮೈಸೂರಿನ ಓದುಗರು)

ಮಹಮೂದ್ ಗವಾನ್ ಮದರಸಾವನ್ನು ಎಲ್ಲರೂ ತೋರಿಸುತ್ತಾರೆ. ಗೀಲಾನ್‌ನಿಂದ ಬಂದ ಬಹಮನಿ ಮಂತ್ರಿ 1472ರಲ್ಲಿ ಕಟ್ಟಿಸಿದ್ದು. ಉಳಿದಿರುವ ಮಿನಾರಿನ ನೀಲಿ ಹೆಂಚಿನ ಕೆಲಸವನ್ನು ಹತ್ತಿರ ನಿಂತು ನೋಡಿ. ಆದರೆ ನನ್ನನ್ನು ಕೇಳಿದರೆ ಹೆಚ್ಚು ಸಮಯ ಕೊಡಬೇಕಾದದ್ದು ಬಹಮನಿ ಸುಲ್ತಾನರ ಗೋರಿಗಳಿರುವ ಊರಾಚೆಯ ಅಷ್ಟೂರಿಗೆ.

ಕಿರ್ಮಾನ್ ಹತ್ತಿರದ ಮಾಹಾನ್‌ನಲ್ಲಿ ಶಾಹ್ ನಿಮತುಲ್ಲಾ ವಲಿ ಎಂಬ ದೊಡ್ಡ ಸೂಫಿ ಇದ್ದರು. ರಾಜಧಾನಿಯನ್ನು ಬೀದರಿಗೆ ತಂದ ಅಹ್ಮದ್ ಶಾಹ್ ಬಹಮನಿ ಅವರನ್ನು ಆಹ್ವಾನಿಸಿದ. ಅವರು ಮೊಮ್ಮಗನನ್ನು ಕಳಿಸಿಕೊಟ್ಟರು. 1431ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಕೂಡ ಇಲ್ಲಿಗೇ ಬಂದರು. ಅಷ್ಟೂರಿನ ಹಾದಿಯಲ್ಲಿ ಸಿಗುವ ಎಂಟು ಮೂಲೆಯ ಚೌಖಂಡಿ ಅವರದೇ ಗೋರಿ. ಬಾಗಿಲ ಮೇಲಿನ ಕಲ್ಲಕ್ಷರ ನೋಡದೆ ಬರಬೇಡಿ. ಅತ್ತ ಮಾಹಾನ್‌ನಲ್ಲಿ ಗುರುವಿನ ಗೋರಿಯ ಮೇಲೆ ಗುಮ್ಮಟ ಎದ್ದದ್ದು ಈ ಅಹ್ಮದ್ ಶಾಹನ ದುಡ್ಡಿನಿಂದ. ಇರಾನಿಗೆ ಹೋಗುವ ಕನ್ನಡಿಗರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ವ್ಯವಹಾರ ಅಲ್ಲಿಗೇ ಮುಗಿಯಲಿಲ್ಲ. ನಿಮತುಲ್ಲಾಹಿ ಗಾದಿ ಮುಂದೆ ದಖ್ಖನದಲ್ಲೇ ಉಳಿಯಿತು. ಅತ್ತ ಸಫವಿ ಮುಲ್ಲಾಗಳ ಕಾಟಕ್ಕೆ ಇರಾನಿನಲ್ಲಿ ಸೂಫಿಗಳು ಮೂಲೆಗುಂಪಾದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಖ್ಖನದಲ್ಲಿದ್ದ ಗುರುಗಳು ತಮ್ಮ ಶಿಷ್ಯ ಮಾಸೂಮ್ ಅಲಿ ಶಾಹ್ ಎಂಬವನನ್ನು ಇರಾನಿಗೆ ಕಳಿಸಿದರು. ಶಿರಾಜ್‌ನಲ್ಲಿ ಅವನ ಹಿಂದೆ ಜನ ಕೂಡಿದರು, ಮುಲ್ಲಾಗಳು ಸಿಟ್ಟಾದರು, ಕೊನೆಗೆ ಕಿರ್ಮಾನ್‌ಶಾಹ್‌ನಲ್ಲಿ ಅವನನ್ನು ಕೊಂದರು. ಆದರೆ ಅವನು ಹೊತ್ತಿಸಿದ್ದು ಆರಲಿಲ್ಲ, ಇಂದು ಇರಾನಿನ ಮುಖ್ಯ ಸೂಫಿ ಪರಂಪರೆ ಅದೇ.

ಹಾಫೀಜ್ ಕೂಡ ಇತ್ತ ಬರಬೇಕಿತ್ತು. ಬಿಜಾಪುರದ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫರಿಶ್ತಾ ಹೇಳುವ ಪ್ರಕಾರ, ಕಲಬುರಗಿಯ ಸುಲ್ತಾನನ ಕರೆಗೆ ಒಪ್ಪಿ, ಕಳಿಸಿದ ಹಣದಲ್ಲಿ ಸಾಲ ತೀರಿಸಿ, ಹುರ್ಮುಜ್ ಬಂದರಿನಲ್ಲಿ ಹಡಗು ಹತ್ತಿದವನು ಬಿರುಗಾಳಿ ಕಂಡು ಇಳಿದುಬಿಟ್ಟ. ಬದಲಿಗೆ ಒಂದು ಗಜಲ್ ಬರೆದು ಕಳಿಸಿದ.

ಅಷ್ಟೂರಿನಲ್ಲಿ ಅಹ್ಮದ್ ಶಾಹನ ಸಮಾಧಿಯ ಒಳಗೆ ಗೋಡೆ, ಗುಮ್ಮಟದ ತುಂಬ ಬಂಗಾರ ಬಣ್ಣದ ಚಿತ್ತಾರ, ನಡುನಡುವೆ ನಿಮತುಲ್ಲಾ ಅವರ ಪರ್ಷಿಯನ್ ಪದ್ಯಗಳಿವೆ. ಅಹ್ಮದ್ ಶಾಹನನ್ನು ಅಲ್ಲಮಪ್ರಭು ಎಂದು ಭಜಿಸುವ ಹಿಂದೂಗಳೂ ಇದ್ದಾರೆ. ಉರುಸ್‌ನಲ್ಲಿ ಲಿಂಗಾಯತ ಜಂಗಮರು ಬಂದು ವಿಧಿ ನಡೆಸುವ ವಾಡಿಕೆಯಿದೆ. ಒಳಗೆ ಬೆಳಕು ಕಡಿಮೆ. ಟಾರ್ಚ್ ಒಯ್ಯಿರಿ, ಚಪ್ಪಲಿ ಹೊರಗೆ ಬಿಡಿ, ಬಣ್ಣದ ಗೋಡೆಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.